ಬಸ್ತಿಕೊಪ್ಪದಲ್ಲಿ ಹೊಳೆ ಇಲ್ಲವೆಂದು ಬರೆದವರಿಗೆ

ಬಸ್ತಿಕೊಪ್ಪ, ಹೊಸನಗರ ತಾಲ್ಲೂಕು
ಜುಲೈ 12, 1954

‘ತಾಲ್ಲೂಕು ಪರಿಚಯ’ ಎಂಬ ಗ್ರಂಥವನ್ನು ರಚಿಸಿದ ಮಹಾಶಯರ ಸನ್ನಿಧಿಗೆ,

ಮಾನ್ಯರೇ, ಈ ಊರಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಭೂಗೋಳ ಕಲಿಸುತ್ತಿರುವ ನಾನು, ತಮ್ಮ ಗ್ರಂಥದಲ್ಲಿ ‘ಬಸ್ತಿಕೊಪ್ಪ: ನದಿ ಇಲ್ಲ, ಇತಿಹಾಸ ಇಲ್ಲ’ ಎಂಬುದನ್ನು ಓದಿ, ಅಯ್ಯೋ, ಇಷ್ಟು ಕಾಲ ಮಕ್ಕಳಿಗೆ ಸುಳ್ಳು ಹೇಳಿಕೊಟ್ಟೆನಲ್ಲಾ ಎಂದು ನಾಚಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷದ ಬೇಸಿಗೆಯಲ್ಲಿ ತಾವು ದಯಮಾಡಿಸಿ, ಷರಾಯಿ ಮಡಚಿಕೊಂಡು ಮೊಣಕಾಲು ನೀರು ದಾಟಿ, ಅಲ್ಲಿ ಬಟ್ಟೆ ಒಗೆಯುತ್ತಿದ್ದ ದುರ್ಗಮ್ಮನನ್ನು ಇದರ ಹೆಸರೇನೆಂದು ಕೇಳಿದಿರಂತೆ. “ಹೊಳೆಗೆಂತ ಹೆಸರು ಸ್ವಾಮಿ? ಹೊಳೆ, ಅಷ್ಟೆ” ಎಂದಳಂತೆ ಅವಳು. ನಮಗಿರುವುದು ಒಂದೇ ಹೊಳೆಯಾದ್ದರಿಂದ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ, ಅದು ನಮ್ಮದೇ ತಪ್ಪು. ಹೆಸರಿಲ್ಲದ್ದು ಇಲ್ಲವೇ ಇಲ್ಲವೆಂದು ತೀರ್ಮಾನಿಸಿದ ತಮ್ಮ ಬುದ್ಧಿಗೆ ಕೈಮುಗಿಯಬೇಕು. ಆಮೇಲೆ ಬಸದಿಯ ಅಂಗಳದಲ್ಲಿ ತಾವು ಕುಳಿತು ಅವಲಕ್ಕಿ ತಿಂದ ಕಲ್ಲು ಶಾಸನದ ಕಲ್ಲು. ಎಂಟುನೂರು ವರ್ಷದ ಅಕ್ಷರಗಳ ಮೇಲೆ ಕೂತೆದ್ದು ಇತಿಹಾಸವಿಲ್ಲ ಎನ್ನುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಇದನ್ನೆಲ್ಲ ನಕ್ಕು ಬಿಡುತ್ತಿದ್ದೆ. ಆದರೆ ಈ ಸಲದ ಮಿಡ್ಲ್‌ಸ್ಕೂಲ್ ಪರೀಕ್ಷೆಯಲ್ಲಿ ‘ನಿಮ್ಮ ಊರಿನಲ್ಲಿ ನದಿ ಇದೆಯೇ?’ ಎಂಬ ಪ್ರಶ್ನೆ ಬಂತು. ಆಚೆ ದಡದ ಗೋಪಾಲಪ್ಪನವರ ಮಗಳು ವನಮಾಲಾ, ಪುಸ್ತಕದ ಚೀಲವನ್ನು ತಲೆಯ ಮೇಲಿಟ್ಟುಕೊಂಡು ದಿನಾ ಆ ಹೊಳೆ ದಾಟಿಯೇ ಶಾಲೆಗೆ ಬರುತ್ತಿದ್ದವಳು, ‘ಇದೆ’ ಎಂದು ಬರೆದಳು. ಉತ್ತರ ಪತ್ರಿಕೆ ತಿದ್ದಿದವರು ತಾವು ರಚಿಸಿದ ‘ತಾಲ್ಲೂಕು ಪರಿಚಯ’ವನ್ನು ನೋಡಿ ಸೊನ್ನೆ ಕೊಟ್ಟರು. ಎರಡೇ ಅಂಕಕ್ಕೆ ಹುಡುಗಿ ಫೇಲಾದಳು. “ಫೇಲಾದವಳಿಗೆ ಇನ್ನೆಂತ ಸ್ಕೂಲು? ಮನೇಲಿರ್ಲಿ” ಎಂದುಬಿಟ್ಟರು ಗೋಪಾಲಪ್ಪ. ಸ್ವಾಮೀ, ಅಷ್ಟು ಚುರುಕಾದ ಮಗು ನನ್ನ ಕೈಕೆಳಗೆ ಇನ್ನೊಂದು ಬಂದಿರಲಿಲ್ಲ.

ಆದ್ದರಿಂದ ದೊಡ್ಡ ಮನಸ್ಸು ಮಾಡಿ ಹೊಳೆಗೆ ಒಂದು ನೋಟೀಸು ಜಾರಿ ಮಾಡಿ, ಅದನ್ನು ಬೇರೆ ತಾಲ್ಲೂಕಿಗೆ ವರ್ಗ ಮಾಡಿಸಬೇಕು. ಅದು ತಮ್ಮ ಕೈಲಾಗದಿದ್ದರೆ ಪುಸ್ತಕದ ಒಂದು ಸಾಲು ತಿದ್ದಿ, ಆ ಹುಡುಗಿಯ ಎರಡು ಅಂಕ ಕೊಡಿಸಬೇಕು. ಈ ತಿಂಗಳೊಳಗೆ ಆದರೆ ಅವಳನ್ನು ಹೈಸ್ಕೂಲಿಗೆ ಸೇರಿಸಲು ಇನ್ನೂ ಅವಕಾಶವಿದೆ.

ಇಲ್ಲದ ಹೊಳೆಯ ದಂಡೆಯಿಂದ,
ತಮ್ಮ ವಿಶ್ವಾಸಿ,
ವೃಷಭರಾಜ, ಹೆಡ್‌ಮಾಸ್ತರು

ವಿ.ಸೂ.: ಕಣ್ಣಾರೆ ನೋಡಿಯೇ ತಿದ್ದುತ್ತೇನೆ ಎಂದರೆ ಅವಶ್ಯವಾಗಿ ಬನ್ನಿ. ಈಗ ಮಳೆಗಾಲ, ಎರಡಾಳುದ್ದ ನೀರಿದೆ. ದೋಣಿ ನಡೆಸುವ ಮಾಸ್ತಪ್ಪನಿಗೆ ತಮ್ಮ ಸಾಲನ್ನು ಓದಿ ಹೇಳಿದೆ. “ಹೊಳೇನೇ ಇಲ್ಲ ಅಂದ್ಮೇಲೆ ದೋಣಿ ಎಂತಕ್ಕೆ? ಸಾಹೇಬ್ರು ನಡ್ಕಂಡೇ ಬರ್ಲಿ” ಅಂದ.