ಉಗ್ರಪ್ಪನವರ ಅಂಟು ಟೈರು

"ಈ ಮಳೆಗಾಲ ಮುಗಿಯೋದ್ರೊಳಗೆ ನನ್ನ ಕಾರು ಒಂದು ಕೂದಲೆಳೆಯಷ್ಟು ಜಾರಿದ್ರೂ ನಾನು ಮಾರೇನಹಳ್ಳಿ ಬೈರಯ್ಯನ ಮಗನೇ ಅಲ್ಲ!"

ಗೋವಿಂದರಾಜನಗರದ ತಮ್ಮ ಮನೆಯಲ್ಲಿ ಉಗ್ರಪ್ಪನವರು ಊಟದ ಮೇಜು ಗುದ್ದಿ ಹೀಗೆ ಘೋಷಿಸಿದಾಗ, ಚಟ್ನಿಯ ಬಟ್ಟಲು ಬೆಚ್ಚಿಬಿದ್ದು ಮೇಜಿನ ಅಂಚಿನವರೆಗೂ ಹೋಗಿ ನಿಂತಿತು.

"ಮೊದ್ಲು ಚಟ್ನಿ ಜಾರದೇ ಇರೋ ಹಂಗೆ ನೋಡ್ಕೊಳ್ಳಿ," ಎಂದರು ಪತ್ನಿ ಜ್ಯೋತಿಲಕ್ಷ್ಮಿ. "ಪಾಪ, ಮಾವನೋರ ಹೆಸರು ಯಾಕ್ರೀ ಮಧ್ಯ ತರ್ತೀರಾ? ಜೀವಮಾನ ಎಲ್ಲಾ ಸೈಕಲ್ಲಲ್ಲೇ ಓಡಾಡಿದ್ರು. ಒಂದು ದಿನ ಜಾರಿದ್ದಿಲ್ಲ."

ಐವತ್ತು ದಾಟಿದ ಗಂಡಸರಿಗೆ ಸಾಮಾನ್ಯವಾಗಿ ಶುಗರ್ ಬರುತ್ತದೆ, ಇಲ್ಲವೇ ಬಿಪಿ ಬರುತ್ತದೆ. ಉಗ್ರಪ್ಪನವರಿಗೆ ಸ್ಪೋರ್ಟ್ಸ್ ಕಾರು ಬಂತು. ಸೆಕೆಂಡ್ ಹ್ಯಾಂಡ್, ಕೆಂಪು ಬಣ್ಣ, ಇಬ್ಬರಿಗಷ್ಟೇ ಜಾಗ. ಒಳಗೆ ಕೂರಬೇಕಾದರೆ ಮೊದಲು ದೇವರಿಗೆ ಅಡ್ಡಬೀಳುವವರಂತೆ ಬಗ್ಗಿ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳಬೇಕು. ಅಷ್ಟಾದರೂ ಸಹಿಸಬಹುದಿತ್ತು. ತೊಂದರೆ ಇದ್ದದ್ದು ಮನೆಯ ರ‍್ಯಾಂಪಿನಲ್ಲಿ. ಮೋರಿ ನೀರು ನುಗ್ಗಬಾರದೆಂದು ಮನೆಯನ್ನು ಎತ್ತರಿಸಿ ಕಟ್ಟಿಸಿದ್ದರು. ಎತ್ತರಿಸಿದ ಮೇಲೆ ಅಂದವಾಗಿರಲಿ ಎಂದು ರ‍್ಯಾಂಪಿಗೆ ಕನ್ನಡಿಯಂಥ ಗ್ರಾನೈಟ್ ಹಾಕಿಸಿದ್ದರು. ಬೀದಿಯವರು ಹೊಗಳಿದ್ದೂ ಹೊಗಳಿದ್ದೇ!

ಕಾರು ತಂದ ವಾರವೇ, ಬಂಧುಬಳಗ ಬಂದ ದಿನವೇ, ಸೋನೆಮಳೆ ಹಿಡಿಯಿತು. ಎಲ್ಲರೂ ನೋಡುತ್ತಿದ್ದಂತೆ ಕೆಂಪು ಕಾರು ರ‍್ಯಾಂಪನ್ನು ಅರ್ಧ ಹತ್ತಿ, ಏನೋ ಮರೆತುಬಂದಂತೆ ವಾಪಸ್ ಜಾರಿತು. ಹಿಂದೆ ನಿಂತು ತಳ್ಳಿದವನು ಕೆಂಗೇರಿಯ ರವಿಕುಮಾರ್, ಜ್ಯೋತಿಯ ತಂಗಿಯ ಗಂಡ. ಷಡ್ಡಕನ ಕೈಯಲ್ಲಿ ಕಾರು ತಳ್ಳಿಸಿಕೊಳ್ಳುವುದಕ್ಕಿಂತ ಶತ್ರುವಿನ ಕಾಲಿಗೆ ಬೀಳುವುದು ಮೇಲು. ರವಿ ತಳ್ಳಿದ್ದೂ ಅಲ್ಲದೆ, "ಅಣ್ಣ, ತಳ್ಳೋರ್ನ ಕಂಪನಿಯೋರೇ ಕೊಡ್ತಾರಾ, ಇಲ್ಲ ನಾವೇ ಪ್ರತಿ ಸಲ ಕೆಂಗೇರಿಯಿಂದ ಬರ್ಬೇಕಾ?" ಎಂದು ಕೇಳಿದ್ದ. ಅಂದು ಸಂಜೆಯೇ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಉಗ್ರಪ್ಪನವರಿಗೆ 'ಜಾರಪ್ಪ' ಎಂಬ ಬಿರುದು ದಯಪಾಲಿಸಲಾಯಿತು.

"ಅಯ್ಯೋ, ಜಾರ ಅಂದ್ರೆ ಬೇರೆ ಅರ್ಥನೂ ಇದೆ ಕಣ್ರೀ!" ಎಂದು ಜ್ಯೋತಿ ಹಣೆ ಚಚ್ಚಿಕೊಂಡಿದ್ದರು. "ಗೊತ್ತಿಲ್ದೋರು ನನ್ನ ಮುಖ ನೋಡಿ ಅಯ್ಯೋ ಪಾಪ ಅಂತಾರೆ!"

ಬರುವ ಭಾನುವಾರ ಅದೇ ರವಿ ಊಟಕ್ಕೆ ಬರುವವನಿದ್ದ. ಬಿರುದು ಕಳಚಿಕೊಳ್ಳಲು ಇದ್ದದ್ದು ಅದೊಂದೇ ದಿನ. ಶನಿವಾರ ಗಂಡ ಹೆಂಡತಿ ಇಬ್ಬರೂ ವಿಜಯನಗರದ ಟೈರ್ ಅಂಗಡಿಗೆ ದಂಡೆತ್ತಿ ಹೋದರು.

ಅಂಗಡಿಯ ಸುಬ್ರಮಣಿ ಆಳವಾದ ಗೆರೆಗಳಿದ್ದ ಟೈರೊಂದನ್ನು ಉರುಳಿಸಿಕೊಂಡು ಬಂದ. "ಮಳೆಗೆ ಇದು ಹಾಕಿ ಸಾರ್. ನೀರೆಲ್ಲ ಗೆರೆಯೊಳಗೆ ಹರಿದು ಹೋಗ್ಬಿಡುತ್ತೆ."

"ಇಂಥದ್ದು ನಮ್ಮ ಎದುರುಮನೆ ಕಾರಿಗೂ ಇದೆಯಲ್ರೀ," ಎಂದು ಉಗ್ರಪ್ಪನವರು ಮೂಗು ಮುರಿದರು. ಆಗ ಅವರ ಕಣ್ಣು ಬಿಸಿಲು ತುಂಬಿದ ಮೂಲೆಯ ಮೇಲೆ ಬಿತ್ತು. ಅಲ್ಲೊಂದು ದಪ್ಪ ಟೈರು, ಕಾಡೆಮ್ಮೆಯಂತೆ ಕರ‍್ರಗೆ ಮಿರಮಿರ ಮಿಂಚುತ್ತಾ ಕೂತಿತ್ತು. ಮೈಮೇಲೆ ಗೆರೆಗಳು ಇದ್ದೂ ಇಲ್ಲದಂತೆ. "ಅದೇನದು?"

"ಅದು ರೇಸಿಗೆ ಹಾಕೋದು ಸಾರ್. ಸ್ಟಿಕಿ ಟೈರು. ಬಿಸಿ ಆದ್ರೆ ರೋಡಿಗೇ ಅಂಟ್ಕೊಂಡ್ ಬಿಡುತ್ತೆ!"

ಬಿಸಿಲಲ್ಲಿ ಕಾದಿದ್ದ ಟೈರಿನ ಮೇಲೆ ಉಗ್ರಪ್ಪನವರು ಹೆಬ್ಬೆರಳು ಒತ್ತಿದರು. ತೆಗೆಯುವಾಗ 'ಪಚ್' ಎಂದಿತು. ಮೊದಲ ಮಗು ಮೊದಲ ಸಲ 'ಅಪ್ಪ' ಎಂದಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ.

"ಇದರಲ್ಲಿ ಗೆರೆನೇ ಇಲ್ವಲ್ರೀ?" ಎಂದರು ಜ್ಯೋತಿ. "ನನ್ನ ಬಚ್ಚಲು ಚಪ್ಪಲಿ ಗೆರೆ ಸವೆದಿದ್ದಾಗ್ಲೇ ಅಲ್ವಾ ನಾನು ಬಿದ್ದು ಸೊಂಟ ಉಳುಕಿಸ್ಕೊಂಡಿದ್ದು?"

"ಚಪ್ಪಲಿಗೂ ಟೈರಿಗೂ ಹೋಲಿಸ್ತೀಯಲ್ಲೇ! ಇದು ವಿಜ್ಞಾನ ಕಣೇ. ಅಂಟಿರೋದು ಜಾರುತ್ತಾ? ನೀವೇ ಹೇಳಿ ಸುಬ್ರಮಣಿ."

"ಅಂಟಿದ್ದು ಹೆಂಗೆ ಸಾರ್ ಜಾರುತ್ತೆ!"

"ಅಲ್ಲಪ್ಪಾ, ಅಡಿಯಲ್ಲಿ ನೀರು ನಿಂತಿದ್ರೆ?"

"ನೀರು ನಿಂತಿದ್ರೆ ಜಾರದೇ ಇರುತ್ತಾ ಮೇಡಂ!" ಎಂದ ಸುಬ್ರಮಣಿ ಅದೇ ಉಸಿರಿನಲ್ಲಿ. ಗಂಡನ ಮಾತಿಗೂ ಹೆಂಡತಿಯ ಮಾತಿಗೂ ತಲೆಯಾಡಿಸಿ, ಕೊನೆಗೆ ದುಬಾರಿ ಮಾಲನ್ನೇ ಕಾರಿಗೆ ಏರಿಸುವ ಕಲೆ ಅವನಿಗೆ ಸಿದ್ಧಿಸಿತ್ತು.

ಹೊಸ ಟೈರುಗಳು ಮಾಗಡಿ ರಸ್ತೆಯ ಬಿಸಿಲಿಗೆ ಕಾದು, ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಅಪ್ಪಿಕೊಂಡು ಮನೆ ಸೇರಿದವು. ಹೊಂಗೆ ಎಲೆ, ಸಣ್ಣ ಜಲ್ಲಿ, ಬೋಂಡಾ ಕಟ್ಟಿದ ಕಾಗದ, ಯಾರದೋ ಹಾರದಿಂದ ಉದುರಿದ ಸೇವಂತಿಗೆ, ಎಲ್ಲವೂ ಈಗಷ್ಟೇ ತೊಳೆದ ಅಂಗಳಕ್ಕೆ ಬಂದಿಳಿದವು. ಪೊರಕೆ ಹಿಡಿದು ನಿಂತಿದ್ದ ತಾಯಿ ಹನುಮಕ್ಕನವರ ಪಿತ್ತ ನೆತ್ತಿಗೇರಿತು.

"ಲೇ ಉಗ್ರಾ! ಬೀದಿ ಕಸನೆಲ್ಲ ಹೊತ್ಕೊಂಡ್ ಬಂದಿದೀಯಲ್ಲೋ!"

"ಅಮ್ಮಾ, ಅದು ಟೈರಿನ ಅಂಟು. ಅದಕ್ಕೇ ಅಷ್ಟು ರೇಟು!"

"ಅಂಟಾ? ಹಲಸಿನ ಹಣ್ಣಿನ ಅಂಟು ಇದ್ದಂಗಾ?"

"ಹ್ಞೂಂ, ಹಂಗೇ ಅನ್ಕೋ," ಎಂದು ಉಗ್ರಪ್ಪನವರು ಒಳಗೆ ಹೋದರು. ಹನುಮಕ್ಕ ಮಾತ್ರ ಅಲ್ಲೇ ನಿಂತು ಟೈರುಗಳನ್ನು ಕನಿಕರದಿಂದ ನೋಡಿದರು. ಇಂಥದ್ದಕ್ಕೆಲ್ಲ ಮದ್ದು ಗೊತ್ತಿಲ್ಲದೆ ಅವರು ಇಷ್ಟು ವರ್ಷ ಸಂಸಾರ ಮಾಡಿದ್ದಾರೆಯೇ?

ಭಾನುವಾರ ಬೆಳಿಗ್ಗೆ ಮಗ ಸ್ನಾನಕ್ಕೆ ಹೋಗಿದ್ದಾಗ ಅವರು ಬಟ್ಟಲೊಂದನ್ನು ಹಿಡಿದು ಅಂಗಳಕ್ಕಿಳಿದದ್ದನ್ನು ಯಾರೂ ಗಮನಿಸಲಿಲ್ಲ.

ರವಿ ಬಂದ. ಅವನ ಹಿಂದೆಯೇ ಮಳೆಯೂ ಬಂತು. ಉಗ್ರಪ್ಪನವರು ಕಪ್ಪು ಕನ್ನಡಕ ಏರಿಸಿದರು; ಮೋಡ ಕವಿದಿತ್ತು ಎಂಬುದು ಅವರ ಗಮನಕ್ಕೆ ಬರಲಿಲ್ಲ. "ರವೀ, ಗೇಟಿನ ಹತ್ರ ನಿಂತ್ಕೊಂಡು ನೋಡು. ಕಾರನ್ನ ರೋಡಿಗಿಳಿಸಿ, ಹಲ್ಲಿ ಗೋಡೆ ಹತ್ತಿದಂಗೆ ಹತ್ತಿಸ್ತೀನಿ."

"ಹತ್ತಿಸಿ ಅಣ್ಣ. ಅಂಗಿ ತೋಳು ಮಡಚ್ಕೊಂಡು ತಳ್ಳೋಕೆ ರೆಡಿಯಾಗಿರ್ತೀನಿ."

ರಿವರ್ಸ್ ಗೇರ್ ಹಾಕಿದ್ದೇ ತಡ, ಕಾರು ಬೆಣ್ಣೆ ಜಾರಿದಂತೆ ಸರ‍್ರನೆ ಇಳಿದು, ರಸ್ತೆ ದಾಟಿ, ಎದುರುಮನೆ ಗೇಟಿಗೆ ಗೇಣು ದೂರದಲ್ಲಿ ನಿಂತಿತು. ಎದುರುಮನೆಯವರು ಕಾಫಿ ಲೋಟದೊಂದಿಗೆ ಬಾಲ್ಕನಿಗೆ ಬಂದರು. "ಬೇಕೂಂತ್ಲೇ ಹಂಗಿಳಿಸಿದ್ದು!" ಎಂದು ಉಗ್ರಪ್ಪನವರು ಕಿಟಕಿಯಿಂದ ಕೂಗಿದರು.

ಆಮೇಲೆ ಆರೋಹಣ. ಇಂಜಿನ್ ಹುಲಿಯಂತೆ ಘರ್ಜಿಸಿತು. ಹಿಂದಿನ ಚಕ್ರಗಳು ಗಿರಗಿರನೆ ತಿರುಗಿದವು. ಕಾರು ಮಾತ್ರ ತಿರುಗುವ ಚಕ್ರಗಳಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಗಂಭೀರವಾಗಿ ಹಿಂದಕ್ಕೆ ಬಂತು. ಮತ್ತೆ ಘರ್ಜನೆ, ಮತ್ತೆ ಗಿರಗಿರ, ಮತ್ತೆ ಜಾರುಬಂಡೆ! ರವಿ ಗೇಟು ಹಿಡಿದು ತಡೆಯಲಾರದೆ ನಗುತ್ತಿದ್ದ. ಅಷ್ಟರಲ್ಲಿ ಹನುಮಕ್ಕ ಹೊರಗೆ ಬಂದು, ಅಕ್ಕರೆಯಿಂದ ಕೇಳಿದರು:

"ಅಂಟು ಹೋಯ್ತಾ ಮಗಾ?"

"ಯಾವ ಅಂಟಮ್ಮ?"

"ಹಲಸಿನ ಹಣ್ಣು ಬಿಡಿಸೋಕ್ ಮುಂಚೆ ಕೈಗೆ ಎಣ್ಣೆ ಸವರ್ಕೊಳಲ್ವಾ? ಹಂಗೇ ನಾಲ್ಕಕ್ಕೂ ಹರಳೆಣ್ಣೆ ಹಚ್ಚಿದೀನಿ. ಕೊಬ್ಬರಿ ಎಣ್ಣೆ ತೆಳ್ಳಗೆ, ಮಳೇಲಿ ನಿಲ್ಲಲ್ಲ ಅಂತ."

ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ಉಗ್ರಪ್ಪನವರು ಕಾರಿನಿಂದ ಜಿಗಿದು ಬಂದು ಕುಣಿದಾಡಿದರು! "ಎಣ್ಣೆ! ಕೇಳ್ದಾ ರವೀ? ಟೈರಿಂದೇನೂ ತಪ್ಪಿಲ್ಲ! ನಮ್ಮಮ್ಮಂದು ತಪ್ಪು!"

"ಹೆತ್ತ ತಾಯಿ ಮೇಲೆ ಹಾಕ್ತಿದೀರಲ್ರೀ, ಆ ಪಾಪನಾದ್ರೂ ಅಂಟ್ಕೊಳ್ಳುತ್ತೆ ಬಿಡಿ," ಎಂದರು ಜ್ಯೋತಿ.

"ಹರಳೆಣ್ಣೆ ಸೋಪಿಗೆಲ್ಲ ಬಗ್ಗಲ್ಲ ಕಣೋ," ಎಂದ ಹನುಮಕ್ಕ ಸೀಗೆಪುಡಿ ಕಲಸಿ ತಂದರು. ಜ್ಯೋತಿ ಹಂಡೆಯಿಂದ ಬಿಸಿನೀರು ಮೊಗೆದು ತಂದರು. ಗೋವಿಂದರಾಜನಗರದ ನಡುಬೀದಿಯಲ್ಲಿ, ಸುರಿಯುವ ಮಳೆಯಲ್ಲಿ, ಒಂದು ಕೊಡೆಯಡಿ ಒಬ್ಬೊಬ್ಬರಾಗಿ ಕುಕ್ಕರಗಾಲಲ್ಲಿ ಕೂತು ಟೈರುಗಳಿಗೆ ತಿಕ್ಕಿ ತಿಕ್ಕಿ ಅಭ್ಯಂಜನ ನಡೆಯಿತು. ಬಾಣಂತಿಗೂ ಆ ಉಪಚಾರ ಸಿಕ್ಕುವುದಿಲ್ಲ. "ಬಿಸಿನೀರು ಬಿದ್ದಷ್ಟೂ ಅಂಟು ಜಾಸ್ತಿ!" ಎಂದು ಉಗ್ರಪ್ಪನವರು ಹುರುಪಿನಿಂದ ಇನ್ನೊಂದು ಕೊಡ ಹೊಯ್ಯಿಸಿದರು. ಎಣ್ಣೆ ತಾಗಿದ ಗ್ರಾನೈಟನ್ನೂ ಸೀಗೆ ಹಾಕಿ ತೊಳೆದದ್ದಾಯಿತು. ಮೂಗಿನ ತುದಿಯಲ್ಲಿ ಸೀಗೆಪುಡಿ ಮೆತ್ತಿಕೊಂಡಿದ್ದ ರವಿ ಟೈರಿನ ಮೇಲೂ ಗ್ರಾನೈಟಿನ ಮೇಲೂ ಬೆರಳಾಡಿಸಿ ಪ್ರಮಾಣಪತ್ರ ಕೊಟ್ಟ: "ಜಿಡ್ಡು ಚೂರೂ ಇಲ್ಲ ಅಣ್ಣ. ಇನ್ನು ನೆಪ ಹೇಳೋ ಹಂಗಿಲ್ಲ."

ಅದೇ ಅಲ್ಲವೇ ಉಗ್ರಪ್ಪನವರಿಗೆ ಬೇಕಿದ್ದದ್ದು! ಬಾಲ್ಕನಿಯವರಿಗೆಲ್ಲ ಒಮ್ಮೆ ಕೈಬೀಸಿ, ಕಾರಿನೊಳಗೆ ನುಸುಳಿ, ಗೇರು ಹಾಕಿದರು.

ಆದರೆ ತಿಕ್ಕಿದ ಟೈರು ತಣ್ಣನೆ ಮಳೆಯಲ್ಲಿ ಆಗಲೇ ಮೊದಲಿನಂತೆ ತಣ್ಣಗಾಗಿತ್ತು. ನುಣ್ಣನೆ ಕಲ್ಲು, ನುಣ್ಣನೆ ಟೈರು, ನಡುವೆ ಸಿಕ್ಕಿಬಿದ್ದ ಮಳೆನೀರಿಗೆ ಹೊರಗೆ ಹೋಗಲು ಒಂದು ಗೆರೆಯ ದಾರಿಯೂ ಇಲ್ಲ. ಕಾರು ಅರ್ಧ ಹತ್ತಿತು. ಅಲ್ಲೊಮ್ಮೆ ನಿಂತು ಬೀದಿಯನ್ನೆಲ್ಲ ನೋಡಿತು. ಆಮೇಲೆ ಯಾವ ಗಡಿಬಿಡಿಯೂ ಇಲ್ಲದೆ, ಮಿಂದು ಮಡಿಯಾದವರ ಠೀವಿಯಲ್ಲಿ, ಸೀದಾ ಕೆಳಗಿಳಿದು ರಸ್ತೆಯಲ್ಲಿ ನಿಂತಿತು.

ಯಾರೂ ನಗಲಿಲ್ಲ. ರವಿಯೂ ನಗಲಿಲ್ಲ, ಅದೇ ಹೆಚ್ಚು ಉರಿಯಿತು. ಉಗ್ರಪ್ಪನವರು ಸ್ಟೇರಿಂಗ್ ಹಿಡಿದು, ಕಪ್ಪು ಕನ್ನಡಕದ ಹಿಂದೆ, ಹೇಳಲು ಒಂದಾದರೂ ಕಾರಣ ಸಿಕ್ಕೀತೇ ಎಂದು ತಡಕಾಡುತ್ತಿದ್ದರು. ಹನುಮಕ್ಕ ನಿಧಾನವಾಗಿ ಬಂದು ಬಾನೆಟ್ಟಿನ ಮೇಲೆ ಕೈಯಾಡಿಸಿದರು.

"ಅದನ್ಯಾಕೆ ಇನ್ನೂ ಗೋಳು ಹುಯ್ಕೊತೀಯೋ? ಎಣ್ಣೆನೀರು ಹಾಕ್ಕೊಂಡ ಮೇಲೆ ಯಾರಾದ್ರೂ ಗುಡ್ಡ ಹತ್ತುತ್ತಾರಾ? ಅದಕ್ಕೂ ಕಣ್ಣು ಎಳೀತಿರುತ್ತೆ. ಹೊದ್ದಿಸಿ ಮಲಗಿಸು!"

ಸಿಕ್ಕಿತು ನೆಪ! ಉಗ್ರಪ್ಪನವರು ಇಳಿದು, ಒಳಗಿಂದ ಕಾರಿನ ಹೊದಿಕೆ ತಂದು, ರಸ್ತೆಯಲ್ಲೇ ಕಾರಿಗೆ ಹೊದಿಸತೊಡಗಿದರು. ಇನ್ನೊಂದು ತುದಿಯನ್ನು ರವಿ ಹಿಡಿದುಕೊಂಡ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ತಡೀರಿ ಅಣ್ಣ, ಹಂಗೇ ಹೊದಿಸ್ಬೇಡಿ," ಎಂದ. "ಸಾಂಬ್ರಾಣಿ ಹೊಗೆ ಕೊಡ್ದಿದ್ರೆ ಶೀತ ಆಗುತ್ತೆ."