ಇಪ್ಪತ್ತು ಸಿಗರೇಟಿನ ಗಂಡ

ಮದುವೆಯಾದ ಏಳು ವರ್ಷದಲ್ಲಿ ನನ್ನ ಮೇಲೆ ಅನುಮಾನಪಟ್ಟವರು ಒಬ್ಬ ಡಾಕ್ಟರಮ್ಮ ಮಾತ್ರ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವನು. ಮಕ್ಕಳಾಗದಿದ್ದಾಗ ತಪ್ಪು ಹೆಂಡತಿಯದೇ ಎಂದು ಮನೆಯಲ್ಲಿ ಸರ್ವಾನುಮತದ ತೀರ್ಮಾನವಾಗಿತ್ತು. (ಮನೆ ಎಂದರೆ ನಾನು ಮತ್ತು ನನ್ನ ತಾಯಿ.) ಶಾಲೆಯಲ್ಲಿ ಪಾಠ ಮಾಡಿ ಬಂದು ಅವಳು ಸೂಜಿ, ಸ್ಕ್ಯಾನು, ಮಾತ್ರೆ ಎಲ್ಲಕ್ಕೂ ಮೈ ಒಡ್ಡಿದಳು. ನಾನು ಆಸ್ಪತ್ರೆಯ ಗೇಟಿನಾಚೆ ಸಿಗರೇಟು ಸೇದುತ್ತ ಅವಳಿಗಾಗಿ ಮರುಗಿದೆ.

ಈ ಹೊಸ ಡಾಕ್ಟರಮ್ಮ ನನಗೂ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟು ಬಂತು. ವೀರ್ಯಾಣುಗಳು ಕಡಿಮೆ, ಇದ್ದವಕ್ಕೂ ಎದ್ದು ಓಡಾಡುವ ಉತ್ಸಾಹವಿರಲಿಲ್ಲ.

"ದಿನಕ್ಕೆ ಎಷ್ಟು ಸೇದ್ತೀರಿ?"

"ನಾಲ್ಕೈದು," ಎಂದೆ.

"ಇಪ್ಪತ್ತು," ಎಂದಳು ಹೆಂಡತಿ. "ಭಾನುವಾರ ಇನ್ನೂ ಜಾಸ್ತಿ."

"ಹೊಗೆ ಎದೆಯಲ್ಲೇ ನಿಲ್ಲಲ್ಲ, ಇಲ್ಲಿಗೂ ಇಳಿಯುತ್ತೆ," ಎಂದು ಡಾಕ್ಟರಮ್ಮ ರಿಪೋರ್ಟಿನ ಮೇಲೆ ಬೆರಳಿಟ್ಟರು. "ಪೂರ್ತಿ ಬಿಡಿ. ಮೂರು ತಿಂಗಳಾದ ಮೇಲೆ ಮತ್ತೆ ನೋಡೋಣ. ಸುಧಾರಿಸಬಹುದು, ಖಾತರಿ ಕೊಡಲ್ಲ."

ಹೊರಗೆ ಬಂದವನೇ, "ಅಮ್ಮನಿಗೆ ಹೇಳಬೇಡ ಕಣೇ," ಎಂದು ಬೇಡಿಕೊಂಡೆ. ಅವಳು ಹೇಳಲಿಲ್ಲ.

ಸಿಗರೇಟು ಬಿಟ್ಟೆ. ನಿದ್ದೆ ಕೆಟ್ಟಿತು, ಒಂದು ಆಹ್ವಾನಪತ್ರದಲ್ಲಿ ಗಣ್ಯರು ನಗಣ್ಯರಾಗಿ ಅಚ್ಚಾದರು. ಅಷ್ಟೂ ದಿನ ಊಟದ ಹೊತ್ತಿಗೆ ತಾಯಿ, "ಇವಳನ್ನ ಕಟ್ಟಿಕೊಂಡು ನನ್ನ ಮಗ ಸೊರಗಿಹೋದ," ಎನ್ನುತ್ತಿದ್ದರು. ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ನಾನು ತಟ್ಟೆ ನೋಡುತ್ತಿದ್ದೆ.

ಎರಡನೇ ರಿಪೋರ್ಟು ಚೆನ್ನಾಗಿ ಬಂತು. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮನೆಗೆ ಬಂದರೆ ಅವಳು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ಬೇರೆ ಊರಿನ ಶಾಲೆಗೆ ತಾನೇ ವರ್ಗ ಕೇಳಿಕೊಂಡಿದ್ದಳು.

"ಈಗ ಎಲ್ಲ ಸರಿಹೋಯ್ತಲ್ಲ," ಎಂದೆ.

"ನಿಮ್ಮ ರಿಪೋರ್ಟು ಸರಿಹೋಯ್ತು. ಮೂರು ತಿಂಗಳು ನನ್ನ ಪರವಾಗಿ ಒಂದು ಮಾತು ಆಡಲಿಲ್ಲ ನೀವು."

ಅವಳು ಹೋದ ಸಂಜೆ ತಾಯಿಗೆ ಎಲ್ಲ ಹೇಳಿಬಿಟ್ಟೆ. ಹೆತ್ತ ಕರುಳು, ನನ್ನ ಪಕ್ಷ ಹಿಡಿದೀತೆಂಬ ಆಸೆ. ಅವರು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟರು.

"ಗೊತ್ತಿದ್ದೂ ನನ್ನ ಬಾಯಿಂದ ಅವಳನ್ನ ಬೈಸಿದೆಯಲ್ಲೋ."

ಬೆಳಿಗ್ಗೆ ಅವರ ಚೀಲ ಬಾಗಿಲಲ್ಲಿತ್ತು.

"ನೀನೆಲ್ಲಿಗಮ್ಮ?"

"ಸೊಸೆ ಹತ್ರ. ಒಳಗೆ ಬಿಟ್ಕೊಂಡ್ರೆ ಅವಳ ದೊಡ್ಡತನ."

ಬಿಟ್ಟುಕೊಂಡಳು. ಮೂರು ವಾರ ಕಾದು, ಕಳೆದ ಭಾನುವಾರ ಮಧ್ಯಾಹ್ನ ನಾನೂ ಹೋಗಿ ಬಾಗಿಲು ತಟ್ಟಿದೆ. ತಾಯಿಯೇ ಕಿಟಕಿ ತೆರೆದರು.

"ಮೆಲ್ಲಗೆ," ಎಂದರು. "ಅವಳು ಈಗ ತಾನೇ ಮಲಗಿದ್ದಾಳೆ. ಎದ್ದ ಮೇಲೆ, ನಿನ್ನನ್ನ ಒಳಗೆ ಬಿಡ್ಲಾ ಅಂತ ಕೇಳಿ ಹೇಳ್ತೀನಿ."