ಹತ್ತಡಿಯ ಉತ್ತರ

ಕೆಲವರಿಗೆ ಜಿರಳೆ ಕಂಡರೆ ಭಯ, ಕೆಲವರಿಗೆ ಬೀಗರು ಕಂಡರೆ ಭಯ. ನನಗೆ ತ್ರಿಭುಜ ಕಂಡರೆ ಭಯ. ಹೇಳಿಕೊಳ್ಳಲು ನಾಚಿಕೆ, ಏಕೆಂದರೆ ನಾನು ಮೈಸೂರಿನಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವಳು. ಕಾಶಿಯ ಹನುಮಾನ್ ಘಾಟಿನ ಈ ಪುರೋಹಿತರ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯವರು ಗಲ್ಲಿಗೆಲ್ಲ ನನ್ನನ್ನು 'ಗಣಿತ ಕಲಿತ ಹುಡುಗಿ' ಎಂದು ಪರಿಚಯಿಸಿ, ಆ ವಿದ್ಯೆ ಹಾಳಾಗಬಾರದೆಂದು ಅಗಸನ ಬಟ್ಟೆ ಎಣಿಸುವ ಕೆಲಸವನ್ನು ನನಗೇ ಒಪ್ಪಿಸಿದ್ದರು. ಅಂಥವಳು ಈಗ, ಮಗಳು ಪುಸ್ತಕ ಹಿಡಿದು ಬಂದು "ಅಮ್ಮ, ಇದರ ತೀಸ್ರೀ ಭುಜಾ ಬರ್ತಿಲ್ಲ, ಸ್ವಲ್ಪ ನೋಡು ನಾ" ಎಂದರೆ ಸಾಕು, ಅಂಗೈ ಬೆವರುತ್ತದೆ. ಪುಸ್ತಕದಲ್ಲಿ ಗೋಡೆಗೊಂದು ಏಣಿ ಒರಗಿರುತ್ತದೆ. ಗೋಡೆಯ ಎತ್ತರ ಕೊಟ್ಟಿರುತ್ತಾರೆ, ಗೋಡೆಗೂ ಏಣಿಯ ಬುಡಕ್ಕೂ ಇರುವ ದೂರ ಕೊಟ್ಟಿರುತ್ತಾರೆ, ಏಣಿಯ ಉದ್ದ ಕೇಳುತ್ತಾರೆ. ಏಣಿಯ ಮೇಲೆ ಯಾರೂ ಇರುವುದಿಲ್ಲ. ನನಗೆ ಮಾತ್ರ ಅಲ್ಲಿ ತಿಪಟೂರಿನ ಶಿವರಾಮಯ್ಯನವರು ಕಾಣುತ್ತಾರೆ.

ಶಿವರಾಮಯ್ಯನವರು ಕೊಬ್ಬರಿ ವ್ಯಾಪಾರಿ. ತೀರಿಹೋದ ತಂದೆಯ ಅಸ್ಥಿಯನ್ನು ಗಂಗೆಗೆ ಬಿಡಲು ಬಂದು ನಮ್ಮಲ್ಲಿ ಇಳಿದುಕೊಂಡಿದ್ದರು. ಅಸ್ಥಿಯನ್ನು ಮನೆಯೊಳಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಊರಲ್ಲಾದರೆ ಹೊರಗಿನ ಮರಕ್ಕೆ ಕಟ್ಟಿಡುತ್ತಾರೆ. ನಮ್ಮ ಗಲ್ಲಿಯಲ್ಲಿ ಮರ ಎಲ್ಲಿಂದ ಬರಬೇಕು? ಇರುವುದು ದನ, ನಾಯಿ, ಯಾತ್ರಿಕರು, ಈ ಮೂರೂ ಮುಟ್ಟದೆ ಬಿಟ್ಟದ್ದು ಯಾವುದೂ ಇಲ್ಲ. ಹಾಗಾಗಿ ಬಂದವರ ಅಸ್ಥಿಯನ್ನೆಲ್ಲ ಮೂರನೇ ಮಹಡಿಯ ಮೇಲಿನ ತಾರಸಿಯಲ್ಲಿ, ಬಟ್ಟೆಯ ಹಗ್ಗ ಕಟ್ಟುವ ಕೊಕ್ಕೆಗೆ ನೇತುಹಾಕುವುದು ಮಾವನವರ ಕಾಲದಿಂದ ನಡೆದುಬಂದ ಏರ್ಪಾಡು. ತಾರಸಿಯ ಯಜಮಾನಿಕೆ ಕೋತಿಗಳದು. ಟಿ.ವಿ. ಆಂಟೆನಾ ಯಾವ ದಿಕ್ಕಿಗೆ ತಿರುಗಿರಬೇಕೆಂದು ತೀರ್ಮಾನಿಸುವವರೂ ಅವರೇ. ಅಷ್ಟು ವರ್ಷ ಅಸ್ಥಿಯ ತಂಟೆಗೆ ಬಾರದಿದ್ದ ಅವು, ಆ ದಿನ ಬೆಳಿಗ್ಗೆ ಕೆಂಪು ವಸ್ತ್ರದಲ್ಲಿ ಕಟ್ಟಿದ ಕುಡಿಕೆಯನ್ನು ಲಡ್ಡುವಿನ ಗಂಟೆಂದುಕೊಂಡಿರಬೇಕು. ನಾನು ಬಟ್ಟೆ ಒಣಹಾಕಲು ಹೋದಾಗ ಒಂದು ಗಡವ ಅದನ್ನು ಕಂಕುಳಲ್ಲಿ ಇರುಕಿಕೊಂಡು ಎದುರು ಮನೆಯ ತಾರಸಿಗೆ ಹಾರಿತು. ಅಲ್ಲಿ ಕೂತು ಮೂಸಿತು. ನಂತರ ಅಲ್ಲೇ ಬಿಟ್ಟು ಹೋಯಿತು.

ಶಿವರಾಮಯ್ಯನವರು ಮೇಲೆ ಬಂದು ನೋಡಿದರು. ಅಳಲಿಲ್ಲ, ಬೈಯಲಿಲ್ಲ. "ನಮ್ಮಪ್ಪಂಗೆ ಕೋತಿ ಕಂಡ್ರೆ ಆಗ್ತಿರ್ಲಿಲ್ಲ ಅಮ್ಮಾ" ಎಂದರು. "ಎಳನೀರು ಕೆಡವ್ತವೆ ಅಂತ ಜೀವಮಾನವೆಲ್ಲ ಕವಣೆ ಹಿಡ್ಕಂಡೇ ತೋಟದಾಗೆ ಕೂತಿದ್ರು. ಕೊನೆಗೂ ಅವೇ ಗೆದ್ವು."

ಎದುರು ಮನೆಯವರು ಮಗಳ ಬಾಣಂತನಕ್ಕೆಂದು ಕಲ್ಕತ್ತೆಗೆ ಹೋಗಿದ್ದರಿಂದ ಮನೆಗೆ ಬೀಗ ಹಾಕಿತ್ತು. ನಮ್ಮವರು ಘಾಟಿನಲ್ಲಿ ದರ್ಭೆ, ಎಳ್ಳು ಹರಡಿಕೊಂಡು ಕರ್ಮಕ್ಕೆ ಇವರ ದಾರಿ ಕಾಯುತ್ತಿದ್ದರು. ಮನೆಯಲ್ಲಿದ್ದ ಗಂಡಸೆಂದರೆ ನನ್ನ ಮೈದುನ ಗೋಪಾಲ, ಹೈಸ್ಕೂಲಿನ ಗಣಿತದ ಮೇಷ್ಟ್ರು. ಇಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಅವನ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯಾಗುತ್ತದೆ, ಹಿಂದಿ ಅರ್ಧ ದಾರಿಯಲ್ಲಿ ಗಣಿತವಾಗುತ್ತದೆ. ಬೀಗ ಒಡೆಯೋಣವೇ ಎಂದು ನಾನು ಕೇಳಿದ್ದಕ್ಕೆ, ಇಲ್ಲದವರ ಮನೆಯ ಬೀಗ ಮುಟ್ಟುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದ. ಇಲ್ಲದವರ ತಾರಸಿಗೆ ಆಕಾಶಮಾರ್ಗದಲ್ಲಿ ಇಳಿಯುವುದು ಯಾರ ಲಕ್ಷಣವೆಂದು ಕೇಳಲು ನನಗೆ ಹೊಳೆಯಲಿಲ್ಲ. ಅವನ ಕಣ್ಣು ಆಗಲೇ ಎರಡು ತಾರಸಿಗಳ ನಡುವೆ ಗೆರೆ ಎಳೆಯುತ್ತಿತ್ತು.

ಅವನು ಕೆಳಗಿಳಿದು ಗಲ್ಲಿಯ ಅಗಲ ಅಳೆದ. ಅಡ್ಡ ನಿಂತಿದ್ದ ಹಸುವಿಗೆ ರೊಟ್ಟಿ ಕೊಟ್ಟು ಸರಿಸಿ ಅಳೆದ. ಎಂಟು ಅಡಿ. ಕಲ್ಲು ಕಟ್ಟಿದ ದಾರವನ್ನು ಮೊದಲು ನಮ್ಮ ತಾರಸಿಯಿಂದ ಇಳಿಬಿಟ್ಟ, ಆಮೇಲೆ ಎದುರು ತಾರಸಿಯ ಮಟ್ಟವನ್ನು ಕಣ್ಣಳತೆಯಲ್ಲಿ ಹಿಡಿದು ಗಂಟು ಹಾಕಿದ. ಅವರದು ನಮಗಿಂತ ಆರಡಿ ತಗ್ಗು. "ಅತ್ತಿಗೆ, ಆರು, ಎಂಟು! ಬಿಲ್ಕುಲ್ ಲಂಬಕೋನ" ಎಂದಾಗ ಅವನ ಮುಖದಲ್ಲಿ ಇದ್ದ ಬೆಳಕನ್ನು ಅವನ ಮದುವೆಯಲ್ಲೂ ನಾನು ಕಂಡಿರಲಿಲ್ಲ. ಮೂವತ್ತಾರು, ಅರವತ್ತನಾಲ್ಕು, ಕೂಡಿದರೆ ನೂರು. ನೂರರ ವರ್ಗಮೂಲ ಹತ್ತು. ನಾನೂ ಮನಸ್ಸಿನಲ್ಲೇ ಮಾಡಿ ನೋಡಿದೆ, ಸರಿಯಾಗಿತ್ತು. ಸುಣ್ಣ ಹೊಡೆಯುವವರು ಬಿಟ್ಟುಹೋದ ಬಿದಿರಿನ ಏಣಿಯೊಂದು ನಮ್ಮ ಮೆಟ್ಟಿಲ ಸಂದಿಯಲ್ಲಿತ್ತು. ಅಳೆದರೆ ಅದೂ ಸರಿಯಾಗಿ ಹತ್ತಡಿ. ವಿಶ್ವನಾಥನೇ ನಮಗಾಗಿ ಕತ್ತರಿಸಿಟ್ಟಿದ್ದಾನೆ ಎಂದು ಗೋಪಾಲ ಕೈ ಮುಗಿದ. ಪುಸ್ತಕದ ಲೆಕ್ಕಗಳಲ್ಲಿ ಉತ್ತರ ಭಿನ್ನರಾಶಿಯಿಲ್ಲದೆ ಬಂದರೆ ಅದು ಸರಿಯೆಂದೇ ನಂಬುವ ಜಾತಿ ನಮ್ಮದು.

ಏಣಿಯನ್ನು ಹಾಕಿದೆವು. ತುದಿಯಿಂದ ತುದಿಗೆ ಮುಟ್ಟಿತು. ಮುಟ್ಟಿತು ಎನ್ನುವುದೇ ಸರಿ, ಕೂತಿತು ಎನ್ನಲಾರೆ. ಆಚೆಯ ಮೋಟುಗೋಡೆಯ ಅಂಚಿನಲ್ಲಿ ಎರಡು ಬಿದಿರಿನ ತುದಿಗಳು, ಬೆಂಚಿನ ಕೊನೆಯಲ್ಲಿ ಜಾಗ ಸಿಕ್ಕ ಪ್ರಯಾಣಿಕನಂತೆ, ಇದ್ದೂ ಇಲ್ಲದಂತೆ ಇದ್ದವು. ಈಚೆ ತುದಿಯನ್ನು ಗೋಪಾಲ ಒಂದು ಕಡೆ, ನಾನು ಒಂದು ಕಡೆ ಹಿಡಿದೆವು. ತಾನೇ ಹೋಗುತ್ತೇನೆಂದು ಗೋಪಾಲ ಹೇಳಿದ. ಶಿವರಾಮಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು, "ಮೇಷ್ಟ್ರೇ, ಬಿಸ್ಲಲ್ಲಿ ಕೂತಿರೋದು ನಮ್ಮಪ್ಪ" ಎಂದರು. ಅದಕ್ಕೆ ಎದುರಾಡುವುದು ಹೇಗೆ?

ನಮ್ಮ ಕಡೆ ಮುಖಮಾಡಿ ಹಿಂಹಿಂದಕ್ಕೆ ಇಳಿದರು. ಅವರ ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ನಡುವಿಗೆ ಬಂದಾಗ ಏಣಿ ಬಾಗಿತು. ಬಾಗಿದ ಏಣಿಯ ಎರಡು ತುದಿಗಳ ನಡುವೆ ಹತ್ತಡಿ ಉಳಿಯುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ಆ ಕ್ಷಣದಲ್ಲಿ ಕೈಗೇ ತಿಳಿಯಿತು. ಬಿದಿರು ನನ್ನ ಅಂಗೈಯ ಚರ್ಮ ಸುಲಿದುಕೊಂಡು ಜಾರಿತು. ಆಚೆಯ ತುದಿ ಇಟ್ಟಿಗೆ ಬಿಟ್ಟಾಗ ಆದದ್ದು ತಟ್ಟೆಯನ್ನು ಕೆಳಗಿಟ್ಟಷ್ಟೇ ಸದ್ದು. ನಂತರ ನನ್ನೆದುರು ಮುಖವಿರಲಿಲ್ಲ. ಕೆಳಗೆ ಗಲ್ಲಿಯ ಹಾಸುಗಲ್ಲಿನ ಮೇಲೆ ಏಣಿ ಒಡೆದ ಸದ್ದು ಬರುವವರೆಗಿನ ಮೌನ ಇದೆಯಲ್ಲ, ಅದು ಇನ್ನೂ ನನ್ನ ಮಟ್ಟಿಗೆ ಮುಗಿದಿಲ್ಲ.

"ಅಮ್ಮಾ," ಎಂದು ಕೆಳಗಿನಿಂದ ದನಿ ಬಂತು. "ನಾನು ಇದ್ದೀನಾ?"

ಇದ್ದರು. ಎದುರು ಮನೆಯ ಎರಡನೇ ಮಹಡಿಯ ಕಿಟಕಿಯಡಿ ಒಂದು ಕಲ್ಲಿನ ಚಾಚು ಇತ್ತು, ತುಳಸಿ ಕುಂಡ ಇಡುವಷ್ಟು ಅಗಲ. ಅದರ ಮೇಲೆ ಒಂದು ಮೊಣಕಾಲೂರಿ, ಕಿಟಕಿಯ ಚೌಕಟ್ಟು ಹಿಡಿದು ನೇತಾಡುತ್ತಿದ್ದರು. ಕಲ್ಲಿನ ಬುಡದಿಂದ ಗಾರೆ ಉದುರುತ್ತಿತ್ತು. ಇದ್ದೀರಿ, ಕೈ ಬಿಡಬೇಡಿ ಎಂದು ಕೂಗಿದೆ. ಕಾಶಿಯಲ್ಲಿ ಸತ್ತರೆ ಮೋಕ್ಷ ಎಂದು ಬಂದವರಿಗೆಲ್ಲ ಹೇಳುವ ಮನೆ ನಮ್ಮದು. ಆಗ ನನಗೆ ನೆನಪಾದದ್ದು ಅವರು ವಾಪಸು ಟಿಕೆಟ್ ತೆಗೆಸಿದ್ದರು ಎಂಬುದೊಂದೇ.

ಗೋಪಾಲನ ಕೂಗಿಗೆ ಮೂಲೆಯ ಹಾಲಿನ ಅಂಗಡಿಯವನು ಬಂದ. ಮೇಲೆ ನೋಡಿದ, ಬೀಗ ನೋಡಿದ, ಒಂದು ಕಲ್ಲು ತೆಗೆದುಕೊಂಡು ಜಜ್ಜಿದ. ಬೀಗ ಬಿತ್ತು. ಮೆಟ್ಟಿಲು ಹತ್ತಿ ಒಳಗಿನಿಂದ ಕಿಟಕಿ ತೆರೆದು ಶಿವರಾಮಯ್ಯನವರನ್ನು ಸೊಂಟ ಹಿಡಿದು ಎಳೆದುಕೊಂಡ. ಆಮೇಲೆ ಅದೇ ಕಿಟಕಿಯಿಂದ ಕತ್ತು ಹೊರಹಾಕಿ, "ಕಾ ಗುರು, ಪಹಿಲೇ ಕಾಹೇ ನಾಹೀಂ ಕಹಲಾ?" ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು.

ಕುಡಿಕೆ ತಾರಸಿಯ ಮೇಲೆ ಮುಚ್ಚಳ ಸಮೇತ ಹಾಗೇ ಇತ್ತು. ಶಿವರಾಮಯ್ಯನವರು ಅದನ್ನು ಮಡಿಲಲ್ಲಿಟ್ಟುಕೊಂಡು, ರಕ್ತ ಸುರಿಯುವ ಮೊಣಕೈಯನ್ನು ಮರೆತು, ಬಹಳ ಹೊತ್ತು ಕೂತರು. "ನನ್ನೂ ಕರ್ಕೊಂಡು ಹೋಗೋಕೆ ಬಂದಿದ್ಯೇನಪ್ಪಾ" ಎಂದು ಒಂದೇ ಸಲ ಕೇಳಿದರು. ಕರ್ಮ ಹೊತ್ತು ಮೀರಿ ನಡೆಯಿತು. ಊರಿಗೆ ಹೊರಡುವಾಗ ನನಗೂ ಗೋಪಾಲನಿಗೂ ಕೈ ಮುಗಿದು, ನೀವು ಬಹಳ ಓಡಾಡಿದಿರಿ ಎಂದರು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತೇನೋ. ಗೋಪಾಲ ಆ ಸಂಜೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಡೀ ಲೆಕ್ಕ ಮತ್ತೆ ಮಾಡಿದ. "ಅತ್ತಿಗೆ, ಲೆಕ್ಕ ಸರಿಯಾಗಿತ್ತು" ಎಂದ. ಸರಿಯಾಗಿಯೇ ಇತ್ತು. ಅದನ್ನು ನೆನೆದರೇ ನನಗೆ ಈಗಲೂ ಮೈ ತಣ್ಣಗಾಗುವುದು.

ಮೊನ್ನೆ ಮಗಳು ಮತ್ತೆ ಏಣಿಯ ಲೆಕ್ಕ ತಂದಳು. ಗೋಡೆ ಎಂಟು, ಬುಡದ ದೂರ ಆರು. ನಾನು ಬೆವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹನ್ನೆರಡಾದರೂ ಬೇಕು ಎಂದೆ. ಪುಸ್ತಕದ ಹಿಂದೆ ಹತ್ತು ಎಂದಿದೆ ಅಂದಳು. ಪುಸ್ತಕ ಬರೆದವನು ಹತ್ತಿದ್ದಾನೇನೆ ಎಂದೆ. "ಅಮ್ಮ, ಯೇ ತೋ ಬಸ್ ಲಕೀರ್ ಹೈ, ಬರೀ ಗೆರೆ, ಇದರ ಮೇಲೆ ಯಾರು ಹತ್ತುತ್ತಾರೆ?" ಎಂದು ಗೊಣಗಿಕೊಂಡು ಚಿಕ್ಕಪ್ಪನ ಹತ್ತಿರ ಹೋದಳು. ಮಾರನೇ ದಿನ ಶಾಲೆಯಿಂದ ಬಂದವಳೇ ಚೀಲವನ್ನು ಎಸೆದಳು. ಹನ್ನೆರಡಕ್ಕೆ ಟೀಚರ್ ತಪ್ಪು ಹಾಕಿ, ನಿಮ್ಮ ಮನೆಯಲ್ಲಿ ಗಣಿತ ಬಲ್ಲವರು ಯಾರೂ ಇಲ್ಲವೇ ಎಂದು ಎಲ್ಲರೆದುರು ಕೇಳಿದರಂತೆ. ಚಿಕ್ಕಪ್ಪ ಏನು ಹೇಳಿದ್ದ ಎಂದು ಕೇಳಿದೆ. ಅವನು ಹನ್ನೆರಡನ್ನು ನೋಡಿ, ಇರಲಿ ಎಂದಿದ್ದನಂತೆ.

ಮಗಳಿಗೆ ಈಗ ಭೇಲೂಪುರದಲ್ಲಿ ಟ್ಯೂಷನ್. ಅತ್ತೆಯವರ 'ಗಣಿತ ಕಲಿತ ಹುಡುಗಿ' ಅಗಸನ ಬಟ್ಟೆಗೆ ಮರಳಿದ್ದಾಳೆ. ಅಲ್ಲಿ ಲೆಕ್ಕ ತಪ್ಪಿದರೆ ಕಳೆಯುವುದು ಹೆಚ್ಚೆಂದರೆ ಒಂದು ಪಂಚೆ. ಆದರೂ ಹೋದ ವಾರ ಅಗಸ ತಲೆ ಕೆರೆದುಕೊಂಡು ನಿಂತಿದ್ದ. ಅವನು ಒಯ್ದದ್ದು ಹತ್ತು, ನಾನು ಬರೆದಿಟ್ಟದ್ದು ಹನ್ನೆರಡು.